ಒತ್ತು ಊದುವವರ ಮನೆ

ನನ್ನ ಮನೆಗೆ ಬಂದವರು ಮೊದಲು ನೋಡುವುದು ಹಜಾರದ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುವ ಡಬಲ್ ಬಾಸನ್ನು. ನನಗಿಂತ ಎತ್ತರ, ನನಗಿಂತ ದಪ್ಪ. ಪಿಟೀಲಿನ ದೊಡ್ಡಣ್ಣ ಅಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಇದನ್ನು ತಬ್ಬಿ ನಿಂತುಕೊಂಡು, ಬೆಂಗಳೂರು, ಮದರಾಸು, ಬೊಂಬಾಯಿಯ ಹೋಟೆಲುಗಳಲ್ಲಿ ಜಾಜ್ ಬ್ಯಾಂಡುಗಳ ಹಿಂದೆ ತಂತಿ ಮೀಟಿ ನಾನು ಜೀವನ ಮಾಡಿದೆ. ಹಿಂದೆ ಅಂದರೆ ಹಿಂದೆಯೇ. ಮುಂದೆ ದೀಪದಡಿಯಲ್ಲಿ ಸ್ಯಾಕ್ಸೊಫೋನಿನವನೋ ಹಾಡುವವಳೋ ಇರುತ್ತಿದ್ದರು, ಚಪ್ಪಾಳೆ ಅವರಿಗೆ ಬೀಳುತ್ತಿತ್ತು. ಹುಣಸೂರಿನ ಹೆಣ್ಣುಮಗಳಿಗೆ ಜಾಜ್ ಎಲ್ಲಿ ಸಿಕ್ಕಿತು ಎಂದು ಕೇಳುವವರಿಗೆ, ಮೈಸೂರಿಗೆ ಟೈಪಿಂಗ್ ಕಲಿಯಲು ಹೋದಾಗ ಅದೇ ಮಹಡಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಗೋವಾದ ಮುದುಕರೊಬ್ಬರು ಕಲಿಸಿದರು ಎಂದು ಹೇಳಿ ಕಳಿಸುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಮುದುಕರು ಮೊದಲನೆಯ ದಿನ ಬಾಸನ್ನು ನನ್ನ ಕೈಗೆ ಕೊಟ್ಟು, ಈ ಒಂದು ಸ್ವರವನ್ನೇ ಮೀಟುತ್ತಿರು ಅಂತ ಹೇಳಿ ಕಾಫಿ ಕುಡಿಯಲು ಹೋದರು. ಕಾಫಿ ಮುಗಿಸಿ, ಯಾರೊಂದಿಗೋ ಹರಟೆ ಹೊಡೆದು, ನನ್ನನ್ನು ಮರೆತೇಬಿಟ್ಟು ವಾಪಸು ಬಂದಾಗಲೂ ನಾನು ಅದೇ ಸ್ವರ ಮೀಟುತ್ತಿದ್ದೆ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದೆ. ಅವರು ಬಾಗಿಲಲ್ಲೇ ನಿಂತು, ಇದನ್ನು ನಿನಗೆ ಯಾರು ಕಲಿಸಿದರು ಅಂದರು. ನಾನು ಮತ್ತೆ ಅದೇ ಸ್ವರ ಮೀಟಿದೆ. ಹೇಳಬೇಕೆಂದರೆ ನಮ್ಮ ಮನೆಯ ಕಥೆಯನ್ನೆಲ್ಲ ಹೇಳಬೇಕಾಗುತ್ತಿತ್ತು.

ನಮ್ಮದು ವಾಲಗದವರ ಮನೆ. ಮುಂದಿನ ಜಗಲಿಯಲ್ಲಿ ಕ್ಷೌರ, ನಡುಮನೆಯಲ್ಲಿ ಸಂಗೀತ, ಹಿಂದೆ ಹೊಗೆ ತುಂಬಿದ ಅಡುಗೆಮನೆ. ನಡುಮನೆಯ ಗೂಟದಲ್ಲಿ ಅಪ್ಪನ ನಾಗಸ್ವರ ಕೆಂಪು ಬಟ್ಟೆಯ ಚೀಲದೊಳಗೆ ತೂಗುತ್ತಿತ್ತು. ಅದರ ಕೆಳಗೆ ಹಾಯುವಾಗ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಒತ್ತು ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಒನಕೆಯ ಜೊತೆ ನಿಂತಿರುತ್ತಿತ್ತು. ಒತ್ತು ಅಂದರೆ ನೋಡಲು ನಾಗಸ್ವರದ ಹಾಗೇ ಇರುವ ಕೊಳವೆ, ಆದರೆ ಬೆರಳಾಡಿಸಲು ತೂತುಗಳಿಲ್ಲ. ಅದರಲ್ಲಿ ಬರುವುದು ಒಂದೇ ಸ್ವರ. ನಾಗಸ್ವರದವನು ರಾಗದಲ್ಲಿ ಎಲ್ಲೆಲ್ಲಿ ಸುತ್ತಿ ಬಂದರೂ ಅವನಿಗೆ ಶ್ರುತಿ ತಪ್ಪದಂತೆ, ಹಿಂದೆ ನಿಂತವನು ಆ ಒಂದು ಸ್ವರವನ್ನು ಉಸಿರು ಕಡಿಯದೆ ಊದುತ್ತಲೇ ಇರಬೇಕು. ಅದನ್ನು ಊದುತ್ತಿದ್ದವನು ನನ್ನ ಚಿಕ್ಕಪ್ಪ ನಂಜುಂಡ. ಊಟಕ್ಕೂ ಅದೇ ಲೆಕ್ಕ ಇತ್ತು. ಅಪ್ಪನಿಗೆ ಮೊದಲ ಮುದ್ದೆ, ಸಾರಿನ ಮೇಲಿನ ಗಟ್ಟಿ. ಆಮೇಲೆ ಡೋಲು ಹೊಡೆಯುವ ಕಾಳಣ್ಣ ಬಂದಿದ್ದರೆ ಅವನಿಗೆ. ಚಿಕ್ಕಪ್ಪ ನಮ್ಮ ಜೊತೆ, ಹೆಂಗಸರು ಮಕ್ಕಳ ಸಾಲಿನಲ್ಲಿ ಕೂರುತ್ತಿದ್ದ. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಒತ್ತು ಊದುವವನಿಗೆ ಹೆಣ್ಣು ಯಾರು ಕೊಡುತ್ತಾರೆ ಅಂತ ಅಪ್ಪನೇ ತಮಾಷೆ ಮಾಡುತ್ತಿದ್ದ, ಚಿಕ್ಕಪ್ಪ ನಗುತ್ತಿದ್ದ. ಆ ನಗು ನನಗೆ ಆಗಲೇ ಇಷ್ಟವಾಗುತ್ತಿರಲಿಲ್ಲ.

ಸುತ್ತಿನ ಹಳ್ಳಿಗಳಲ್ಲಿ ನಮ್ಮದು ಸಿದ್ದಪ್ಪನ ವಾಲಗ. ಸಿದ್ದಪ್ಪ ನಮ್ಮಪ್ಪ. ಮದುವೆಗೆ ಹೇಳಲು ಬಂದವರು ಜಗಲಿಯಲ್ಲಿ ಕೂತು ಸಿದ್ದಪ್ಪನನ್ನು ವಿಚಾರಿಸುತ್ತಿದ್ದರು, ಕಾಳಣ್ಣನನ್ನೂ ವಿಚಾರಿಸುತ್ತಿದ್ದರು. ಅವರ ಗಡ್ಡ ಹೆರೆಯುತ್ತಾ ಎದುರಿಗೇ ಕೂತಿದ್ದ ಚಿಕ್ಕಪ್ಪನ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. 'ಸಿದ್ದಪ್ಪನ ಹಿಂದ್ಗಡೆಯೋನು' ಅನ್ನುತ್ತಿದ್ದರು, ಅಷ್ಟೆ. ಅಪ್ಪ ದೊಡ್ಡ ವಿದ್ವಾಂಸ. ಅದನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಅವನ ತೋಡಿ ಕೇಳಿದ ಮೇಲೆ ನನಗೆ ಬೇರೆ ಯಾರ ತೋಡಿಯೂ ರುಚಿಸಿಲ್ಲ. ಆದರೆ ಹಿಂದಿರುವವರ ಕಡೆ ತಿರುಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ದೊಡ್ಡ ವಿದ್ವಾಂಸರಲ್ಲಿ ಬಹಳ ಮಂದಿಗೆ ಇರುವುದಿಲ್ಲ ಅನ್ನುವುದನ್ನು ಆಮೇಲೆ ಹೋಟೆಲುಗಳಲ್ಲಿ ಬೇಕಾದಷ್ಟು ಸಲ ನೋಡಿದೆ.

ನನಗೆ ಉಸಿರು ಕಲಿಸಿದವನು ಚಿಕ್ಕಪ್ಪ. ಬಚ್ಚಲ ಪಕ್ಕದಲ್ಲಿ ಒಂದು ಪರಂಗಿ ಗಿಡವಿತ್ತು. ಅದರ ಎಲೆಯ ದಂಟು ಟೊಳ್ಳು. ಅದನ್ನು ಕತ್ತರಿಸಿ, ಚೊಂಬಿನ ನೀರಿಗೆ ಇಳಿಬಿಟ್ಟು, ಗುಳ್ಳೆ ನಿಲ್ಲದಂತೆ ಊದಬೇಕು. ಕೆನ್ನೆಯಲ್ಲಿ ಗಾಳಿ ಕೂಡಿಟ್ಟುಕೊಂಡು ಅದನ್ನು ಬಾಯಿಂದ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಮೊದಮೊದಲು ನೀರು ಕುಡಿದೆ, ಕೆಮ್ಮಿದೆ, ಮೂಗಿನಲ್ಲೆಲ್ಲ ನೀರು ಬಂತು. ಚಿಕ್ಕಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೋತಿಮುಖ ಮಾಡಿ ನಗಿಸುತ್ತಿದ್ದ. ನಕ್ಕರೆ ಗುಳ್ಳೆ ನಿಲ್ಲುತ್ತಿತ್ತು.

"ಬಾಯಾಗೆ ಒತ್ತು ಇದ್ದಾಗ ನಗಂಗಿಲ್ಲ, ಅಳಂಗಿಲ್ಲ ಕಣವ್ವಾ. ನಿನ್ ಮನೆ ಹತ್ಕೊಂಡ್ ಉರೀತಾ ಇದ್ರೂವೆ ಉಸಿರು ಅಂಗೇ ಇರ್ಬೇಕು."

ಆಟವಾಗಿ ಶುರುವಾದದ್ದು ಕೆಲಸವಾಯಿತು. ಬೆಳಿಗ್ಗೆ ಅಪ್ಪ ಸಾಧನೆಗೆ ಕೂರುವ ಹೊತ್ತಿಗೆ ಚಿಕ್ಕಪ್ಪ ಕತ್ತಿ, ಕತ್ತರಿ ತುಂಬಿದ ಹಡಪ ಕಂಕುಳಲ್ಲಿ ಇಟ್ಟುಕೊಂಡು ಹಳ್ಳಿಗಳ ಕಡೆ ಹೊರಟುಬಿಡುತ್ತಿದ್ದ. ಶ್ರುತಿಗೆ ಯಾರು? ಹೀಗೆ ನಡುಮನೆಯ ಬಾಗಿಲು ಹಾಕಿಕೊಂಡು ನಾನು ಅಪ್ಪನ ಬೆನ್ನ ಹಿಂದೆ ಕೂತು ಒತ್ತು ಊದತೊಡಗಿದೆ. ಬಾಗಿಲು ಹಾಕುತ್ತಿದ್ದವಳು ಅವ್ವ. ಹೆಣ್ಣುಮಕ್ಕಳು ವಾಲಗ ಮುಟ್ಟುವುದು ನಮ್ಮಲ್ಲಿ ಇರಲಿಲ್ಲ. ಊದಿ ಊದಿ ಕೆನ್ನೆ ಜೋತುಬಿದ್ದರೆ ನೋಡಲು ಬಂದ ಗಂಡು ತಿರುಗಿಯೂ ನೋಡದೆ ಹೋಗುತ್ತಾನೆ ಅನ್ನುವುದು ಅವಳ ಭಯ. ಬೀದಿಯಲ್ಲಿ ಹೋಗುವವರು, ಒಳಗೆ ಒತ್ತು ಯಾರದ್ದು ಅಂತ ಕೇಳಿದರೆ ಮೈದುನ ಇವತ್ತು ಮನೆಯಲ್ಲೇ ಇದ್ದಾನೆ ಅನ್ನುತ್ತಿದ್ದಳು.

ಆ ವರ್ಷ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ಗೌಡರ ಮಗಳ ಮದುವೆ ಬಂತು. ತಾತನ ಕಾಲದಿಂದಲೂ ಆ ಊರಿನ ವಾಲಗ ನಮ್ಮದೇ. ಹೊರಡುವ ಹಿಂದಿನ ದಿನ ಮುದ್ದೆ ಮುರಿಯುತ್ತಾ ಚಿಕ್ಕಪ್ಪ ತಲೆ ಎತ್ತದೆ ಕೇಳಿದ.

"ಅಣ್ಣಾ, ಮದ್ವೆ ದಿವ್ಸ ಬೆಳಿಗ್ಗೆ ಗಂಗೆ ತರಾಕೆ ಓಗ್ತಾರಲ್ಲ, ಆವಾಗ ಒಂದೀಟು ನಾಗಸ್ವರ ನನಗ್ ಕೊಡು. ಬರೀ ಕೆರೇತಾವ್ಲಿಂದ ಚಪ್ರದವರ್ಗೆ."

ಅವ್ವ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ಚಿಕ್ಕಪ್ಪ ಈ ಮಾತನ್ನು ಮನಸ್ಸಿನಲ್ಲೇ ಎಷ್ಟು ಕಾಲದಿಂದ ಅಗಿಯುತ್ತಿದ್ದನೋ. ಹೆಂಗಸರು ಕೆರೆಯಿಂದ ಕಳಸದಲ್ಲಿ ನೀರು ತರುವ ಶಾಸ್ತ್ರದಲ್ಲಿ ದೊಡ್ಡವರು ಯಾರೂ ಇರುವುದಿಲ್ಲ. ಅಲ್ಲಿ ಯಾರು ಊದಿದರೂ ನಡೆಯುತ್ತಿತ್ತು. ಅಪ್ಪ ಸಾರು ಸುರಿದುಕೊಂಡು, "ಆಗ್ಲಿ ಬುಡು, ಊದು" ಅಂದ. ಆ ರಾತ್ರಿ ಚಿಕ್ಕಪ್ಪ ಹೊಸ ಬ್ಲೇಡಿನಲ್ಲಿ ತನ್ನ ಗಡ್ಡವನ್ನೇ ತಾನು ಎರಡೆರಡು ಸಲ ಹೆರೆದುಕೊಂಡ. ಅವ್ವ ಅವನ ಪಂಚೆಗೆ ನೀಲಿ ಹಾಕಿ ಒಣಗಿಸಿದಳು.

ಅವ್ವನೂ ನಾನೂ ಮದುವೆಗೆ ಹೋದೆವು. ಮದುವಣಗಿತ್ತಿಗೆ ಉಗುರು ತೆಗೆಯುವ ಶಾಸ್ತ್ರ ಅವ್ವನದು. ಬೆಳಿಗ್ಗೆ ಹೆಂಗಸರು ಕಳಸ ಹಿಡಿದು ಹೊರಟರು. ಚಿಕ್ಕಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಅಪ್ಪನ ಮುಂದೆ ನಿಂತು ಕೈ ಚಾಚಿದ. ಅಷ್ಟರಲ್ಲಿ ಗಂಡಿನ ಕಡೆಯ ಮೈಸೂರಿನ ನೆಂಟರು ಕಾರಿನಿಂದ ಇಳಿದರು. ಅವರಲ್ಲಿ ಸಂಗೀತ ಬಲ್ಲವರೊಬ್ಬರು ಇದ್ದಾರೆ ಅಂತ ಗೌಡರು ಬಂದು ಅಪ್ಪನಿಗೆ ಹೇಳಿದರು. ಅಪ್ಪ ನಾಗಸ್ವರವನ್ನು ಎದೆಗೆ ಅವಚಿಕೊಂಡ.

"ಇವತ್ತು ಬ್ಯಾಡ ಕಣ್ಲಾ ನಂಜ. ಇನ್ನೊಂದ್ಸಲ ನೋಡಾನ."

"ಊಂ ಅಂದಿದ್ದೆ ನೀನು."

"ಬ್ಯಾಡ ಅಂದ್ನಲ್ಲ! ಒತ್ತಿಡ್ಕೊಂಡು ಇಂದೆ ನಿಂತ್ಕೊ."

ಚಿಕ್ಕಪ್ಪ ಹಿಂದೆ ನಿಂತುಕೊಂಡ. ಕೆರೆಗೆ ಹೋಗಿ ಬರುವವರೆಗೂ ಊದಿದ. ಚಪ್ಪರಕ್ಕೆ ವಾಪಸು ಬಂದ ಮೇಲೆ ಒತ್ತನ್ನು ಬಾಯಿಂದ ತೆಗೆದು, ತುಟಿಗಿಡುವ ಪೀಪಿ ಒರೆಸಿ, ವಾಲಗದವರಿಗೆ ಹಾಸಿದ್ದ ಚಾಪೆಯ ಮೇಲೆ ಮಗುವನ್ನು ಮಲಗಿಸುವಷ್ಟು ಮೆತ್ತಗೆ ಮಲಗಿಸಿದ.

"ಇನ್ನು ನೀನೇ ಊದ್ಕೊ ಅಣ್ಣಾ. ಇಂದ್ಗಡೇನೂ ನೀನೇ, ಮುಂದ್ಗಡೇನೂ ನೀನೇ."

ಹಾಗೆಂದವನೇ ಚಪ್ಪರ ದಾಟಿ ಹೋಗಿಬಿಟ್ಟ. ಕೂಗಲಿಲ್ಲ, ಬಯ್ಯಲಿಲ್ಲ. ಬೀಡಿ ಸೇದಲು ಹೋಗಿರಬೇಕು, ಬರುತ್ತಾನೆ ಅಂದುಕೊಂಡ ಅಪ್ಪ. ಹಸೆಮಣೆಯ ಮೇಲೆ ಗಂಡು ಹೆಣ್ಣು ಬಂದು ಕೂತರೂ ಚಿಕ್ಕಪ್ಪ ಬರಲಿಲ್ಲ. ನಮ್ಮ ಕಡೆ ಧಾರೆಗೆಂದು ಒಮ್ಮೆ ಶ್ರುತಿ ಎದ್ದರೆ ತಾಳಿಯವರೆಗೆ ಅದು ಕಡಿಯಬಾರದು, ಕಡಿದರೆ ಆ ಮದುವೆ ಬಾಳುವುದಿಲ್ಲ ಅನ್ನುತ್ತಾರೆ. ಹಾಗೆ ಶ್ರುತಿ ಕಡಿದ ವಾಲಗವನ್ನು ಆ ಊರು ಮತ್ತೆ ಹೊಸಿಲು ಹತ್ತಿಸುವುದಿಲ್ಲ. ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಕಾಳಣ್ಣ ಡೋಲಿನ ಹಗ್ಗ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿಬಿಟ್ಟ. ಪುರೋಹಿತರು ಇತ್ತ ನೋಡತೊಡಗಿದರು. ಅವ್ವ ಇದೆಲ್ಲವನ್ನೂ ಕಂಬದ ಮರೆಯಿಂದ ನೋಡುತ್ತಿದ್ದಳು. ಎದ್ದು ಬಂದು, ಚಾಪೆಯ ಮೇಲಿದ್ದ ಒತ್ತನ್ನು ಸೆರಗಿನಲ್ಲಿ ಸುತ್ತಿ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಉಗ್ರಾಣದೊಳಕ್ಕೆ ಎಳೆದುಕೊಂಡು ಹೋದಳು. ವಾಲಗದ ಚಾಪೆಯ ಹಿಂದಿನ ಗೋಡೆಯಲ್ಲೇ ಉಗ್ರಾಣದ ಕಿಟಕಿ ಇತ್ತು. ಅವ್ವ ಬಾಗಿಲು ಮುಂದಕ್ಕೆ ತಳ್ಳಿ ಅದಕ್ಕೆ ಬೆನ್ನು ಕೊಟ್ಟು ಕೂತಳು.

"ಊದೇ ಗೌರಿ."

"ಯಾರಾನ ನೋಡಿದ್ರೆ?"

"ನೋಡಿದ್ರೆ ನೋಡ್ಲಿ. ಊದೇ!"

ನನ್ನ ಕೆನ್ನೆಗೆ ಅಷ್ಟು ಕಾವಲು ಕಾಯುತ್ತಿದ್ದವಳ ಬಾಯಿಂದ ಆ ಮಾತು ಬಂದಾಗ ನನಗೆ ನಿಜವಾಗಿ ಭಯವಾಯಿತು. ಕುಂಬಳಕಾಯಿ ರಾಶಿಯ ಪಕ್ಕದಲ್ಲಿ ನಿಂತು, ಕೊಳವೆಯ ಬಾಯನ್ನು ಕಿಟಕಿಗೆ ಇಟ್ಟು ಊದಿದೆ. ಹೊರಗೆ ಅಪ್ಪನ ಬೆನ್ನು ಸಣ್ಣಗೆ ಬೆಚ್ಚಿದ್ದು ಕಾಣಿಸಿತು. ಅವನು ತಿರುಗಿ ನೋಡಲಿಲ್ಲ. ನನ್ನ ಸ್ವರದ ಮೇಲೆ ಕಾಲಿಟ್ಟು ರಾಗ ಎತ್ತಿದ, ಅಷ್ಟೆ. ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಧಾರೆಯ ಹೊತ್ತಿಗೆ ಹೆಣ್ಣಿನ ಸೋದರಮಾವ ಕಾಣಿಸಲಿಲ್ಲ. ಅವನು ಬರದೆ ಧಾರೆ ಎರೆಯುವಂತಿಲ್ಲ, ಹುಡುಕಲು ಆಳುಗಳು ಓಡಿದರು. ಮನೆಯ ಸಾಧನೆಯಲ್ಲಿ ದಣಿದರೆ ನಿಲ್ಲಿಸಬಹುದಿತ್ತು. ಇಲ್ಲಿ ನಿಲ್ಲಿಸುವಂತಿರಲಿಲ್ಲ. ತುಟಿ ಮರಗಟ್ಟಿತು, ಕೆನ್ನೆಯ ಒಳಗೆ ಬೆಂಕಿ ಬಿದ್ದ ಹಾಗಾಯಿತು, ಕುಂಬಳಕಾಯಿಗಳು ಕಣ್ಣ ಮುಂದೆ ತೇಲತೊಡಗಿದವು. ಸ್ವರ ಒಮ್ಮೆ ನಡುಗಿತು. ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು.

ಆಗ ಉಗ್ರಾಣದ ಹಿತ್ತಲ ಕಡೆಯ ಬಾಗಿಲಲ್ಲಿ ಚಿಕ್ಕಪ್ಪ ಬಂದು ನಿಂತ. ಹಿತ್ತಲಲ್ಲೇ ಎಲ್ಲೋ ಕೂತು, ತಾನಿಲ್ಲದ ವಾಲಗ ಹೇಗೆ ಮುಗ್ಗರಿಸುತ್ತದೋ ನೋಡೋಣ ಅಂತ ಕಾದಿರಬೇಕು. ಬದಲಿಗೆ ಒತ್ತು ಕೇಳಿಸಿತ್ತು. ನನ್ನನ್ನು ನೋಡಿದ, ಅವ್ವನನ್ನು ನೋಡಿದ. ಅವನ ಮುಖದಲ್ಲಿ ಆಗ ಇದ್ದ ಸಿಟ್ಟನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಕಣ್ಣಿನಲ್ಲೇ ಬೇಡಿಕೊಂಡೆ, ತಗೋ, ನೀನು ಊದು ಅಂತ. ಅವನು ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸ್ವರ ಮತ್ತೊಮ್ಮೆ ನಡುಗಿತು. ಅವನು ಸುಮ್ಮನೆ ನಿಂತಿದ್ದರೆ ಸಾಕಿತ್ತು, ಅಪ್ಪನ ಮೂವತ್ತು ಹಳ್ಳಿಗಳ ಮರ್ಯಾದೆ ಅಲ್ಲೇ ಮುಗಿದುಹೋಗುತ್ತಿತ್ತು. ಆದರೆ ಅವನು ಹತ್ತಿರ ಬಂದು ಬಗ್ಗಿ, ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟ.

"ದಿಗಿಲು ಬೀಳ್ಬ್ಯಾಡ. ಗಾಳೀನ ಕೆನ್ನೇಲಿಡ್ಕೊ. ಮೂಗ್ನಾಗೆ ಸಣ್ಣಕ್ ಎಳಕೊ. ಆಂ... ಅಂಗೆ. ಚೊಂಬ್ನಾಗಿನ ನೀರು ಅನ್ಕೊ ಕಣವ್ವಾ."

ಒತ್ತನ್ನು ಮಾತ್ರ ಅವನು ಮುಟ್ಟಲಿಲ್ಲ. ಸೋದರಮಾವ ಸಿಕ್ಕಿದ. ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಅಂತ ಕೂಗಿದರು, ಕಾಳಣ್ಣನ ಡೋಲು ಹುಚ್ಚೆದ್ದಿತು. ತಾಳಿ ಬಿದ್ದ ಮೇಲೆ ನಾನು ಕುಂಬಳಕಾಯಿಗಳ ಮೇಲೆ ಕುಸಿದು ಕೂತೆ. ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಯಾರೂ ಇರಲಿಲ್ಲ.

ಊಟಕ್ಕೆ ಮುಂಚೆ ಗೌಡರೇ ಚಾಪೆಯ ಹತ್ತಿರ ಬಂದರು.

"ಒತ್ತು ಯಾರಪ್ಪ ಊದಿದ್ದು? ಕಾಣಾಕೇ ಇಲ್ಲ?"

"ನನ್ ತಮ್ಮ, ಸ್ವಾಮಿ. ಮೈ ಬಿಸಿ ಇತ್ತು, ಒಳಗ್ ಕೂತ್ಕೊಂಡಿದ್ದ."

ಗೌಡರು ಭೇಷ್ ಅಂದು ಹೋದರು. ನಾನು ಕಿಟಕಿಯ ಈಚೆ ನಿಂತು ಕೇಳಿಸಿಕೊಂಡೆ. ಇಷ್ಟು ವಯಸ್ಸಾದರೂ ಆ ಮಾತು ನೆನೆದರೆ ನನಗೆ ಮೈ ಉರಿಯುತ್ತದೆ. ಒಂದೇ ಸುಳ್ಳಿನಲ್ಲಿ ಅಪ್ಪ ನಾನು ಊದಿದ್ದನ್ನೂ ಅಳಿಸಿದ, ಚಿಕ್ಕಪ್ಪ ಊದದೆ ಎದ್ದುಹೋಗಿದ್ದನ್ನೂ ಅಳಿಸಿದ. ಇಬ್ಬರೂ ಏನೂ ಮಾಡಲೇ ಇಲ್ಲ ಅನ್ನುವ ಹಾಗಾಯಿತು.

ಚಿಕ್ಕಪ್ಪ ಮನೆಗೆ ಬರಲಿಲ್ಲ. ಹೆಗ್ಗಡದೇವನಕೋಟೆಯ ಹತ್ತಿರ ಹ್ಯಾಂಡ್‌ಪೋಸ್ಟಿನಲ್ಲಿ ಯಾರದೋ ಕ್ಷೌರದ ಅಂಗಡಿಯಲ್ಲಿ ಇದ್ದಾನೆ, ಬೀಚನಹಳ್ಳಿ ಅಣೆಕಟ್ಟೆ ಕೆಲಸದವರೆಲ್ಲ ಅವನ ಹತ್ತಿರವೇ ತಲೆ ಕೊಡುತ್ತಾರೆ ಅಂತ ಕಾಳಣ್ಣ ಸುದ್ದಿ ತಂದ. ಅಪ್ಪ ಅದನ್ನು ಕೇಳಿಸದವನ ಹಾಗೆ ಇದ್ದುಬಿಟ್ಟ. ಮದುವೆಮನೆಯಿಂದ ಕೊಟ್ಟಿದ್ದ ಒತ್ತಿನವನ ಪಾಲಿನ ಅಕ್ಕಿ, ಕಾಯಿ ಅಡುಗೆಮನೆಯ ಮೂಲೆಯಲ್ಲಿ ಹಾಗೇ ಇತ್ತು. ಅವ್ವ ಅದನ್ನು ಒಲೆಗೆ ಏರಿಸಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಚೀಲ ಬಿಚ್ಚಿ, ಎಂದಿನಂತೆ ಬೆನ್ನು ತಿರುಗಿಸಿ ಕೂತು ಕರೆದ.

"ಗೌರೀ, ಒತ್ತು ತಗೊಂಬಾ."

ನಾನು ಅಡುಗೆಮನೆಯಿಂದ ಏಳಲಿಲ್ಲ. ಅವನು ಇನ್ನೊಮ್ಮೆ ಕರೆದ. ಆಮೇಲೆ ಬಾಗಿಲವರೆಗೆ ಬಂದು ಹೇಳಿದೆ.

"ಊದಕಿಲ್ಲ. ಚಿಕ್ಕಪ್ಪಂಗೆ ನಾಗಸ್ವರ ಕೊಡ್ತೀನಿ ಅಂದಿದ್ದಲ್ಲ, ಕೊಡು. ಆಮೇಕೆ ಊದ್ತೀನಿ."

ಅಪ್ಪ ಎದ್ದ ರಭಸಕ್ಕೆ ಕಾಲಿನ ಹತ್ತಿರವಿದ್ದ ಚೊಂಬು ಉರುಳಿತು. ಎತ್ತಿದ ಕೈ ನನ್ನ ಕೆನ್ನೆಯ ಹತ್ತಿರ ಬಂದಾಗ ಅವ್ವ ಒಳಗಿನಿಂದ ಒಂದೇ ಮಾತು ಹೇಳಿದಳು.

"ಆ ಕೆನ್ನೇನೆ ಕಣ್ರೀ ನಿಮ್ ಮರ್ವಾದೆ ಉಳಿಸಿದ್ದು."

ಕೈ ಕೆಳಗಿಳಿಯಿತು. ಆಮೇಲೆ ನಮ್ಮ ಮನೆಯಲ್ಲಿ ಕಳೆದ ದಿನಗಳು ಯಾವ ಶತ್ರುವಿಗೂ ಬೇಡ. ಅಪ್ಪ ಒಬ್ಬನೇ ಸಾಧನೆಗೆ ಕೂರುತ್ತಿದ್ದ. ಶ್ರುತಿಯಿಲ್ಲದೆ ಅವನ ತೋಡಿ ನೆಲೆಯಿಲ್ಲದೆ ಅಲೆಯುತ್ತಿತ್ತು. ಅರ್ಧಕ್ಕೆ ನಿಲ್ಲಿಸಿ ಪೀಪಿಯನ್ನು ಬಯ್ಯುತ್ತಿದ್ದ, ಜಗಲಿಯ ಮೇಲಿನ ಗಿರಾಕಿಗಳನ್ನು ಬಯ್ಯುತ್ತಿದ್ದ, ಮುದ್ದೆ ಗಂಟಾಗಿದೆ ಎಂದು ತಟ್ಟೆ ನೂಕುತ್ತಿದ್ದ. ಒತ್ತಿಗೆ ಬೇರೆ ಒಬ್ಬನನ್ನು ಕೃಷ್ಣರಾಜನಗರದಿಂದ ಕರೆಸಿದ. ಅವನು ಎರಡು ಸಲ ಬಯ್ಯಿಸಿಕೊಂಡು, ಊಟ ಮಾಡಿ, ಬಸ್ಸು ಹತ್ತಿ ಹೋದ. ನನ್ನ ಜೊತೆ ಅಪ್ಪ ಮಾತು ಬಿಟ್ಟ. ನನಗೂ ಅವನ ತೋಡಿಗೆ ಒತ್ತು ಊದದ ಬೆಳಗು ಬೆಳಗು ಅನ್ನಿಸುತ್ತಿರಲಿಲ್ಲ. ಸೋತುಬಿಡೋಣ ಅಂತ ದಿನಾ ಅನ್ನಿಸುತ್ತಿತ್ತು. ಒನಕೆಯ ಪಕ್ಕ ನಿಂತಿದ್ದ ಒತ್ತನ್ನು ನೋಡದಿರಲು ಗೋಡೆಯ ಕಡೆ ಮುಖ ಮಾಡಿ ಊಟ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಮದುವೆಗೆ ಹಾಕುವ ಜುಬ್ಬ ಹಾಕಿಕೊಂಡು, ಗೂಟದಿಂದ ನಾಗಸ್ವರ ಇಳಿಸಿದ. ಅಡುಗೆಮನೆಗೆ ಬಂದು ಒತ್ತನ್ನೂ ತಾನೇ ಕೈಯಾರೆ ಎತ್ತಿಕೊಂಡ. ನನಗೆ ಹೇಳಿದ್ದು ಒಂದೇ ಮಾತು, "ನಡಿ." ಹೆಗ್ಗಡದೇವನಕೋಟೆಯ ಬಸ್ಸು ಹತ್ತಿದೆವು. ತಮ್ಮನನ್ನು ಎಳೆದುಕೊಂಡು ಬರಲು ಹೊರಟಿದ್ದಾನೋ, ಹೊಡೆಯಲು ಹೊರಟಿದ್ದಾನೋ ನನಗೆ ತಿಳಿಯಲಿಲ್ಲ. ಹ್ಯಾಂಡ್‌ಪೋಸ್ಟಿನಲ್ಲಿ ಇಳಿದರೆ ರಸ್ತೆಯ ಮಗ್ಗುಲಲ್ಲೇ ಆ ಅಂಗಡಿ. ಒಳಗೆ ಒಬ್ಬ ಮಲಯಾಳಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಚಿಕ್ಕಪ್ಪನ ಕೈಯಲ್ಲಿ ಕತ್ತಿ ಇತ್ತು. ಅಪ್ಪನನ್ನು ಕಂಡವನೇ ಕತ್ತಿ ಹಿಡಿದ ಹಾಗೇ ನಿಂತುಬಿಟ್ಟ. ಅಪ್ಪ ಒಳಗೆ ಹೋಗಿ, ಸೋಪು, ಪೌಡರು ಇಟ್ಟಿದ್ದ ಹಲಗೆಯ ಮೇಲೆ ನಾಗಸ್ವರವನ್ನು ಇಟ್ಟ.

"ಊದು."

"ಇಲ್ಲೇನಾ?"

"ಊಂ, ಇಲ್ಲೇ. ಊದು."

ಚಿಕ್ಕಪ್ಪ ಕತ್ತಿ ಮಡಿಸಿ, ಕೈ ತೊಳೆದುಕೊಂಡು, ನಾಗಸ್ವರವನ್ನು ಕಣ್ಣಿಗೆ ಒತ್ತಿಕೊಂಡ. ಅಪ್ಪ ಅವನ ಬೆನ್ನ ಹಿಂದೆ ಹೋಗಿ ನಿಂತ. ನಾನು ಒತ್ತಿಗೆ ಕೈ ಚಾಚಿದೆ. ಅಪ್ಪ ಕೊಡಲಿಲ್ಲ, ತಾನೇ ಬಾಯಿಗಿಟ್ಟುಕೊಂಡ. ದೊಡ್ಡ ಸ್ವರ ಎದ್ದಿತು, ಅಂಗಡಿಯ ಕನ್ನಡಿ ಝುಮ್ಮೆಂದಿತು. ಚಿಕ್ಕಪ್ಪ ತೋಡಿಯನ್ನು ಮುಟ್ಟಿದ. ಅಷ್ಟರಲ್ಲೇ ಹಿಂದಿನ ಸ್ವರ ತುಂಡಾಯಿತು. ಅಪ್ಪ ಮತ್ತೆ ಊದಿದ, ಮತ್ತೆ ತುಂಡಾಯಿತು. ರಾಗದ ನಡುವೆ ಬೇಕಾದಲ್ಲಿ ನಿಂತು ಉಸಿರಾಡಿ ಅಭ್ಯಾಸವಾದವನಿಗೆ ನಿಲ್ಲದೆ ಒಂದೇ ಸಮ ಊದುವುದು ಆಗಲಿಲ್ಲ. ಮುಖ ಕಪ್ಪಿಟ್ಟಿತು, ಜುಬ್ಬ ಬೆವರಿತು. ಒತ್ತನ್ನು ಬಾಯಿಂದ ತೆಗೆದು ನನ್ನ ಕಡೆ ನೀಡಿದ.

"ತಗೋ ಮಗ. ನನ್ ಕೈಲಿ ಆಗಾಕಿಲ್ಲ."

ಈ ಮಾತನ್ನು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾನು ಒತ್ತು ಹಿಡಿದೆ. ಚಿಕ್ಕಪ್ಪ ಊದಿದ. ಚೆನ್ನಾಗಿ ಊದಿದ ಅಂತ ಬರೆಯಲು ನನಗೂ ಆಸೆಯಿದೆ, ಆದರೆ ಊದಲಿಲ್ಲ. ಕತ್ತಿ ಹಿಡಿದು ಹಿಡಿದು ಪೆಡಸಾದ ಬೆರಳು ತೂತುಗಳ ಮೇಲೆ ಎಡವುತ್ತಿತ್ತು. ಇಷ್ಟು ವರ್ಷ ಬೆನ್ನ ಹಿಂದೆ ಕೇಳಿದ ತೋಡಿಯೆಲ್ಲ ಅವನ ತಲೆಯಲ್ಲಿತ್ತು, ಕೈಗೆ ಇಳಿಯಲಿಲ್ಲ. ಪ್ರತಿ ಅಪಸ್ವರಕ್ಕೂ ಅಪ್ಪನ ದವಡೆ ಬಿಗಿಯುತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಚಿಕ್ಕಪ್ಪನಿಗೂ ಗೊತ್ತಿತ್ತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಊದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮುಖದ ಮೇಲೆ ನೊರೆ ಒಣಗುತ್ತಿದ್ದ ಮಲಯಾಳಿ ಕುರ್ಚಿಯಲ್ಲೇ ತಿರುಗಿ ಕೈ ಕಟ್ಟಿಕೊಂಡು ಕೂತ. ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಅಂಗಡಿಯ ಮುಂದೆ ಸೇರಿದರು. ಅವರಲ್ಲಿ ಒಬ್ಬ ಮುದುಕ ಬಾಗಿಲ ಚೌಕಟ್ಟು ಹಿಡಿದು ಒಳಗೆ ಇಣುಕಿ ಅಪ್ಪನನ್ನು ಕೇಳಿದ.

"ಯಾರ್ ವಾಲ್ಗಪ್ಪ ಇದು?"

ಅಪ್ಪ ನೆಟ್ಟಗೆ ನಿಂತು, ಹೊರಗಿನವರಿಗೂ ಕೇಳುವ ಹಾಗೆ ಹೇಳಿದ.

"ನನ್ ತಮ್ಮಂದು ಕಣಣ್ಣ. ನಂಜುಂಡನ್ ವಾಲ್ಗ."

ನನಗೆ ಅಳು ಒತ್ತರಿಸಿಕೊಂಡು ಬಂತು. ಆದರೆ ಒತ್ತು ಬಾಯಲ್ಲಿತ್ತು. ಗಾಳಿಯನ್ನು ಕೆನ್ನೆಯಲ್ಲಿ ಹಿಡಿದು, ಮೂಗಿನಿಂದ ಸಣ್ಣಗೆ ಎಳೆದುಕೊಂಡು, ಅವನು ನಿಲ್ಲಿಸುವವರೆಗೂ ಊದಿದೆ.